ಪರ್ಮಾಂಗನೇಟಿನ ನೇರಳೆ

ಸಂಕ್ರಮಣ ಲೋಹಗಳ ಬಣ್ಣಕ್ಕೆಲ್ಲ ಡಿ-ಡಿ ಜಿಗಿತವೇ (ಲೋಹದ ಒಂದು ಡಿ ಆರ್ಬಿಟಲ್‌ನಿಂದ, ಅಂದ್ರೆ ಎಲೆಕ್ಟ್ರಾನ್ ಇರೋ ಜಾಗದಿಂದ, ಇನ್ನೊಂದಕ್ಕೆ ಎಲೆಕ್ಟ್ರಾನ್ ಹಾರೋದು) ಕಾರಣ ಅಂತ ಬಾಯಿಪಾಠ ಮಾಡಿ ಕೂತವರಿಗೆ ಪರ್ಮಾಂಗನೇಟ್ ಸರಿಯಾಗಿ ಕೈಕೊಡುತ್ತೆ. ಅದರ ಮ್ಯಾಂಗನೀಸ್ +7 ಆಕ್ಸಿಡೇಶನ್ ಸ್ಥಿತಿಯಲ್ಲಿದೆ, ಡಿ ಎಲೆಕ್ಟ್ರಾನ್ ಒಂದೂ ಉಳಿದಿಲ್ಲ. ಆದರೂ ಚೂರು ಹರಳು ಬಿದ್ದರೆ ಸಾಕು, ಬೀಕರಿನ ನೀರೆಲ್ಲ ನೇರಳೆ! ಅಲ್ಲಿ ಜಿಗಿಯೋದು ಆಕ್ಸಿಜನ್ನಿನ ಎಲೆಕ್ಟ್ರಾನ್, ಲೋಹದ ಖಾಲಿ ಡಿ ಆರ್ಬಿಟಲ್‌ಗೆ. ಅದೇ ಮ್ಯಾಂಗನೀಸ್ +2ರಲ್ಲಿ ಐದು ಡಿ ಎಲೆಕ್ಟ್ರಾನ್ ಇಟ್ಟುಕೊಂಡೂ ಬರೀ ತಿಳಿಗುಲಾಬಿ. ಜಿಗಿಯುವಾಗ ಎಲೆಕ್ಟ್ರಾನ್ ಸ್ಪಿನ್ ಬದಲಿಸಬಾರದು ಅನ್ನೋ ನಿಯಮ ಸುಲಭಕ್ಕೆ ಜಿಗಿಯೋಕೆ ಬಿಡಲ್ಲ. ಟೈಟ್ರೇಶನ್ನಿನಲ್ಲಿ ಬ್ಯುರೆಟ್‌ನಿಂದ ಬಿದ್ದ ನೇರಳೆ ಹನಿ ಫ್ಲಾಸ್ಕ್ ಅಲುಗಾಡಿಸುತ್ತಿದ್ದಂತೆ +2 ಮ್ಯಾಂಗನೀಸ್ ಆಗಿ ಮಾಯವಾಗೋದು ಇದರಿಂದಲೇ.

ರಸಾಯನಶಾಸ್ತ್ರಜ್ಞ ಆಲ್ಫ್ರೆಡ್ ವರ್ನರ್ 1893ರಲ್ಲಿ, ಎಲೆಕ್ಟ್ರಾನ್ ಪತ್ತೆಯಾಗೋಕೂ ಮೊದಲೇ, ಸಂಕೀರ್ಣಗಳ (ಲೋಹದ ಸುತ್ತ ಬೇರೆ ಅಣು, ಅಯಾನುಗಳು ಅಂಟಿಕೊಂಡ ಸಂಯುಕ್ತಗಳ) ಆಕಾರ ಊಹಿಸಿದ್ದರು. ನಾವು ಆರ್ಬಿಟಲ್ ಚಿತ್ರ ಎದುರಿಗಿಟ್ಟುಕೊಂಡೂ ತಲೆ ಕೆರೆದುಕೊಳ್ತಿದ್ದೀವಿ. ನಾಳೆ ಕ್ಲಾಸಲ್ಲಿ ಟನಾಬೆ-ಸುಗಾನೊ ನಕ್ಷೆಗಳಂತೆ, ಸಂಕೀರ್ಣಗಳ ಡಿ ಎಲೆಕ್ಟ್ರಾನ್‌ಗಳ ಶಕ್ತಿಮಟ್ಟ ತೋರಿಸೋವು. ದೇವರೇ ಗತಿ.