ಒಗ್ಗರಣೆಯ ತಪ್ಪಲ್ಲದ ಕೊಲೆಸ್ಟ್ರಾಲ್

ಮೈಸೂರಿನ ಆಸ್ಪತ್ರೆಯೊಂದರಲ್ಲಿ ನಾನು ಡಯಟಿಷಿಯನ್. ಹೃದಯದ ಓಪಿಡಿಯಿಂದ ನನ್ನ ಕೋಣೆಗೆ ಬರುವ ಚೀಟಿಗಳಲ್ಲಿ ಬಹುಪಾಲು ಒಂದೇ ಮಾತು: ಕೊಲೆಸ್ಟ್ರಾಲ್ ಜಾಸ್ತಿ, ಪಥ್ಯ ತಿಳಿಸಿ. ರೋಗಿ ಗಂಡಸಾದರೆ ಹೆಂಡತಿಯೂ ಜೊತೆಗೆ ಬಂದಿರುತ್ತಾರೆ. ಕೂತ ತಕ್ಷಣ ವಿಚಾರಣೆ ಶುರುವಾಗುವುದು ಹೆಂಡತಿಯದ್ದೇ, ಅದೂ ಗಂಡನಿಂದ. "ಎಣ್ಣೆ ಕಮ್ಮಿ ಹಾಕು ಅಂತ ಎಷ್ಟು ಸಲ ಹೇಳಿದೀನಿ ಮೇಡಂ, ಕೇಳಲ್ಲ ಇವಳು." ಅತ್ತೆಯೂ ಬಂದಿದ್ದರೆ ಇನ್ನೂ ಕಷ್ಟ.

ಆದ್ದರಿಂದ ನಾನು ಊಟದ ಸುದ್ದಿ ಎತ್ತುವ ಮೊದಲು ರಿಪೋರ್ಟ್ ಕೇಳುತ್ತೇನೆ. ಅದರಲ್ಲೂ ಎರಡು ಸಾಲುಗಳನ್ನು ಒಟ್ಟಿಗೆ ಓದುತ್ತೇನೆ: ರಕ್ತದಲ್ಲಿ ಓಡಾಡುವ ಕೊಬ್ಬಾದ ಟ್ರೈಗ್ಲಿಸರೈಡ್ ಮತ್ತು 'ಕೆಟ್ಟ ಕೊಲೆಸ್ಟ್ರಾಲ್' ಅನ್ನುವ ಎಲ್‌ಡಿಎಲ್.

ಟ್ರೈಗ್ಲಿಸರೈಡ್ ನಮ್ಮ ತಟ್ಟೆಯ ಮಾತು ಬೇಗ ಕೇಳುತ್ತದೆ. ಸಿಹಿ, ರಾಶಿ ಅನ್ನ, ಮದ್ಯ, ಹೊಟ್ಟೆಯ ಬೊಜ್ಜು, ಹಿಡಿತವಿಲ್ಲದ ಶುಗರ್, ಇವೆಲ್ಲ ಅದನ್ನು ಏರಿಸುತ್ತವೆ. ಇವನ್ನು ಸರಿ ಮಾಡಿದರೆ ಕೆಲವೇ ವಾರಗಳಲ್ಲಿ ಚೆನ್ನಾಗಿ ಇಳಿಯುತ್ತದೆ. ಎಲ್‌ಡಿಎಲ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಹಾಗಾಗಿ ಟ್ರೈಗ್ಲಿಸರೈಡ್ ನಾರ್ಮಲ್ ಇದ್ದು, ಎಲ್‌ಡಿಎಲ್ ಒಂದೇ 190 ದಾಟಿ ಕೂತಿದ್ದರೆ ನಾನು ಅಡುಗೆಮನೆ ಬಿಟ್ಟು ವಂಶದ ಕಡೆ ತಿರುಗುತ್ತೇನೆ.

ಒಂದು ಉದಾಹರಣೆ ಹೇಳುತ್ತೇನೆ. ಮೂವತ್ತು ದಾಟಿದ ಮೇಷ್ಟ್ರು. ಸಣಕಲು ಮೈ, ಸಸ್ಯಾಹಾರಿ, ಸಿಗರೇಟ್ ಇಲ್ಲ. ಒಟ್ಟು ಕೊಲೆಸ್ಟ್ರಾಲ್ 304, 'ಒಳ್ಳೆಯ ಕೊಲೆಸ್ಟ್ರಾಲ್' ಎಚ್‌ಡಿಎಲ್ 44, ಟ್ರೈಗ್ಲಿಸರೈಡ್ 110, ಎಲ್‌ಡಿಎಲ್ 238. ಮನೆಯಲ್ಲಿ ಆಗಲೇ ತುಪ್ಪ, ಕಾಯಿ, ಹಪ್ಪಳ ಎಲ್ಲ ನಿಲ್ಲಿಸಿದ್ದರು. ಹೆಂಡತಿ ಒಗ್ಗರಣೆಗೆ ಚಮಚದಲ್ಲಿ ಅಳೆದು ಎಣ್ಣೆ ಹಾಕುತ್ತಿದ್ದರು. ಕಟ್ಟುನಿಟ್ಟಿನ ಪಥ್ಯದಿಂದ ಎಲ್‌ಡಿಎಲ್ ಸಾಮಾನ್ಯವಾಗಿ ಶೇ. 10ರಿಂದ 15ರಷ್ಟು ಇಳಿಯಬಹುದು. ಲೆಕ್ಕ ಹಾಕಿ ನೋಡಿ. 238ರಲ್ಲಿ ಶೇ. 15 ಕಳೆದರೂ 202 ಉಳಿಯುತ್ತದೆ. ಆ ಹೆಣ್ಣುಮಗಳು ಇನ್ನೇನು ತಾನೇ ಮಾಡಬೇಕು?

ನಮ್ಮ ರಕ್ತದಲ್ಲಿರುವ ಕೊಲೆಸ್ಟ್ರಾಲ್‌ನ ಹೆಚ್ಚಿನ ಪಾಲನ್ನು ದೇಹವೇ ತಯಾರಿಸುತ್ತದೆ. ಓಡಾಡುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವ ಕೊಕ್ಕೆಗಳಂಥ ರಿಸೆಪ್ಟರ್‌ಗಳು ಲಿವರ್ ಮೇಲಿವೆ. ಅಮೆರಿಕದ ಡಲ್ಲಾಸ್‌ನಲ್ಲಿ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ 1970ರ ದಶಕದಲ್ಲಿ ಇವನ್ನು ಪತ್ತೆ ಮಾಡಿದರು. 1985ರಲ್ಲಿ ಅವರಿಗೆ ನೊಬೆಲ್ ಬಂತು. ಅವರು ಕೆಲಸ ಶುರುಮಾಡಿದ್ದೇ ಬಾಲ್ಯದಲ್ಲೇ ಹೃದಯದ ಕಾಯಿಲೆ ಬಂದ ಮಕ್ಕಳ ಜೀವಕೋಶಗಳನ್ನು ಇಟ್ಟುಕೊಂಡು. ಅಪ್ಪನಿಂದಲೋ ಅಮ್ಮನಿಂದಲೋ ಕೆಟ್ಟ ಜೀನ್ ಒಂದು ಬಂದರೆ ಈ ಕೊಕ್ಕೆಗಳಲ್ಲಿ ಸುಮಾರು ಅರ್ಧದಷ್ಟು ಕೆಲಸಕ್ಕೆ ಬರುವುದಿಲ್ಲ. ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ. ಇದನ್ನು ಫ್ಯಾಮಿಲಿಯಲ್ ಹೈಪರ್‌ಕೊಲೆಸ್ಟರಾಲೀಮಿಯಾ ಅನ್ನುತ್ತಾರೆ, ಚಿಕ್ಕದಾಗಿ ಎಫ್‌ಎಚ್. ಜಗತ್ತಿನಲ್ಲಿ ಸುಮಾರು 250 ಜನರಲ್ಲಿ ಒಬ್ಬರಿಗೆ ಇದು ಇದೆ. ಅಪರೂಪ ಏನಲ್ಲ.

ಇಲ್ಲಿ ಮುಖ್ಯವಾದದ್ದು ಕಾಲ. ನಲವತ್ತರಲ್ಲಿ ತೂಕ ಏರಿಸಿಕೊಂಡವರ ಎಲ್‌ಡಿಎಲ್ ನಲವತ್ತರಲ್ಲಿ ಏರುತ್ತದೆ. ಎಫ್‌ಎಚ್ ಇದ್ದವರದ್ದು ತೊಟ್ಟಿಲಲ್ಲಿದ್ದಾಗಲೇ ಜಾಸ್ತಿ. ಹೃದಯಕ್ಕೆ ರಕ್ತ ಕೊಡುವ ಕೊರೊನರಿ ನಾಳಗಳ ಗೋಡೆಯೊಳಗೆ ಅದು ವರ್ಷಗಟ್ಟಲೆ ಸೇರಿಕೊಳ್ಳುತ್ತಾ ಹೋಗುತ್ತದೆ. ಮೂವತ್ತೈದನೇ ವಯಸ್ಸಿಗೆ ಆ ನಾಳ ಅರವತ್ತು ದಾಟಿದವರ ನಾಳದಂತೆ ಆಗಿರಬಹುದು. ಚಿಕಿತ್ಸೆ ಇಲ್ಲದಿದ್ದರೆ ಇಂಥ ಗಂಡಸರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ 50ರೊಳಗೆ, ಹೆಂಗಸರಲ್ಲಿ ಶೇ. 30ರಷ್ಟು ಜನಕ್ಕೆ 60ರೊಳಗೆ ಹೃದಯದ ತೊಂದರೆ ಕಾಣಿಸಿಕೊಳ್ಳುತ್ತದೆ ಅನ್ನುವುದು ಹಳೆಯ ಅಧ್ಯಯನಗಳ ಲೆಕ್ಕ. ಅಲ್ಲಿಯವರೆಗೆ ನೋವಿಲ್ಲ, ಸುಸ್ತಿಲ್ಲ. ಕೆಲವರಿಗೆ ಮಾತ್ರ ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜುವಿನಲ್ಲೋ (ಟೆಂಡನ್) ಬೆರಳ ಗೆಣ್ಣಿನ ಮೇಲೋ ಗಂಟು ಕಾಣುತ್ತದೆ. ಚಪ್ಪಲಿ ಉಜ್ಜಿ ಹೀಗಾಗಿದೆ ಅಂದುಕೊಂಡಿರುತ್ತಾರೆ.

190 ದಾಟಿದವರಿಗೆಲ್ಲ ಎಫ್‌ಎಚ್ ಅನ್ನಲಾಗದು. ಥೈರಾಯ್ಡ್ ಕಮ್ಮಿ ಇದ್ದರೆ, ಮೂತ್ರದಲ್ಲಿ ಪ್ರೋಟೀನ್ ಜಾಸ್ತಿ ಹೋಗುತ್ತಿದ್ದರೆ ಎಲ್‌ಡಿಎಲ್ ಏರುತ್ತದೆ. ಹತ್ತಾರು ಜೀನ್‌ಗಳು ಚೂರುಚೂರು ಸೇರಿಯೂ ಏರಿಸಬಹುದು. ಅದನ್ನು ತೀರ್ಮಾನಿಸುವುದು ಡಾಕ್ಟರು. ಆದರೆ ಮನೆತನದ ಕತೆ ಹೊರಡಿಸುವುದಕ್ಕೆ ನನಗೆ ಅವರಿಗಿಂತ ಜಾಸ್ತಿ ಸಮಯ ಸಿಗುತ್ತದೆ.

ಅದಕ್ಕೂ ಕೇಳುವ ರೀತಿ ಇದೆ. "ನಿಮ್ಮ ಮನೆಯಲ್ಲಿ ಯಾರಿಗಾದ್ರೂ ಹಾರ್ಟ್ ಪ್ರಾಬ್ಲಂ ಇದೆಯಾ?" ಅಂದರೆ ಎಲ್ಲರೂ ಇಲ್ಲ ಅನ್ನುತ್ತಾರೆ. ಬದುಕಿರುವವರಲ್ಲಿ ಇಲ್ಲ, ಅಷ್ಟೇ. ಅದರ ಬದಲು ಅಪ್ಪ ಇದ್ದಾರಾ, ಎಷ್ಟನೇ ವಯಸ್ಸಿಗೆ ಹೋದರು, ಅವತ್ತು ಏನಾಯಿತು ಅಂತ ಕೇಳಬೇಕು. ಆಗ ಬರುತ್ತದೆ ಉತ್ತರ. ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮಲಗಿದವರು ಏಳಲಿಲ್ಲ. ಗದ್ದೆ ಬದುವಿನ ಮೇಲೆ ಕುಸಿದರು. ದೊಡ್ಡಪ್ಪನೂ ಹಂಗೇ ಹೋಗಿದ್ದು ಮೇಡಂ, ನಮ್ಮ ವಂಶದಲ್ಲಿ ಗಂಡಸರಿಗೆ ಆಯಸ್ಸು ಕಮ್ಮಿ. ಗಂಡಸರು 55ಕ್ಕೆ, ಹೆಂಗಸರು 60ಕ್ಕೆ ಮೊದಲೇ ಹೃದಯದ ಕಾಯಿಲೆಗೆ ತುತ್ತಾಗಿದ್ದರೆ ಅದನ್ನು ನಾನು ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಬರೆದು ವಾಪಸ್ ಕಳಿಸುತ್ತೇನೆ. ಮೇಷ್ಟ್ರ ಅಪ್ಪ ಹೋದಾಗ ಅವರಿಗೆ 41.

ನಮ್ಮ ಕಡೆ ಇನ್ನೊಂದು ಪ್ರಶ್ನೆ ಕೇಳದೆ ಬಿಡುವಂತಿಲ್ಲ: ಸಂಬಂಧದಲ್ಲೇ ಮದುವೆಯಾ? ಅಕ್ಕನ ಮಗಳು, ಸೋದರತ್ತೆ ಮಗಳು ಅಂದರೆ ಇಬ್ಬರಲ್ಲೂ ಅದೇ ಜೀನ್ ಇರುವ ಸಾಧ್ಯತೆ ಹೆಚ್ಚು. ಇಬ್ಬರಿಗೂ ಇದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಎರಡೂ ಕೆಟ್ಟ ಪ್ರತಿಗಳು ಸಿಗಬಹುದು. ಅಂಥ ಮಕ್ಕಳ ಎಲ್‌ಡಿಎಲ್ 400, 500 ದಾಟುತ್ತದೆ. ಮಂಡಿ, ಮೊಣಕೈ ಮೇಲೆ ಹಳದಿ ಗಂಟುಗಳೇಳುತ್ತವೆ. ಹತ್ತು-ಇಪ್ಪತ್ತರ ವಯಸ್ಸಿನಲ್ಲೇ ಹಾರ್ಟ್ ಅಟ್ಯಾಕ್ ಆಗಬಹುದು. ಚರ್ಮದ ಡಾಕ್ಟರ ಹತ್ತಿರ ಹೋಗಿ ಗಂಟು ತೆಗೆಸಿಕೊಂಡು ಬಂದು ಸುಮ್ಮನಾಗುವವರಿದ್ದಾರೆ. ನನಗೆ ಹೆಚ್ಚು ಭಯ ಅದೇ.

ಮೇಷ್ಟ್ರಿಗೆ ಎಫ್‌ಎಚ್ ಅಂತಾದರೆ ಅವರ ಪ್ರತಿ ಮಗುವಿಗೂ, ಒಡಹುಟ್ಟಿದವರಿಗೂ ಅರ್ಧಕ್ಕರ್ಧ ಸಾಧ್ಯತೆ. ಅವರದ್ದೂ ರಕ್ತ ನೋಡಬೇಕು. ನೆದರ್‌ಲ್ಯಾಂಡ್ಸ್‌ನಲ್ಲಿ 1994ರಲ್ಲೇ ಹೀಗೆ ಒಬ್ಬರಿಂದ ಇಡೀ ಕುಟುಂಬವನ್ನು ಹುಡುಕುವ ಕಾರ್ಯಕ್ರಮ ಶುರುವಾಯಿತು. ನಮ್ಮಲ್ಲಿ ಆ ಕೆಲಸ ನಿಲ್ಲುವುದು ಖರ್ಚಿಗಲ್ಲ, ರಕ್ತದ ಕೊಬ್ಬು ನೋಡುವ ಸಾಮಾನ್ಯ ಲಿಪಿಡ್ ಪ್ರೊಫೈಲ್ ಅಂಥ ದುಬಾರಿ ಪರೀಕ್ಷೆಯೇನೂ ಅಲ್ಲ. ನಿಲ್ಲುವುದು ಮದುವೆ ಮಾತಿಗೆ. "ತಂಗಿಗೆ ಗಂಡು ನೋಡ್ತಾ ಇದೀವಿ, ಈಗ ಬೇಡ ಮೇಡಂ." ಈ ಮಾತಿಗೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ಮದುವೆಯಾದ ಮೇಲಾದರೂ ಮಾಡಿಸಿ, ಬಸಿರಿಗೆ ಮೊದಲೇ ಮಾಡಿಸಿ ಅನ್ನುತ್ತೇನೆ. ಬಸುರಿಯಲ್ಲಿ ಕೊಲೆಸ್ಟ್ರಾಲ್ ತಾನಾಗಿಯೇ ಏರುತ್ತದೆ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನೂ ಆಗ ಸಾಮಾನ್ಯವಾಗಿ ನಿಲ್ಲಿಸುತ್ತಾರೆ.

2025ರ ಜೂನ್-ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಟಿವಿಯಲ್ಲಿ ಓಡಿದಾಗ ಇಲ್ಲಿ ಮೈಸೂರಿನಲ್ಲೂ ತಪಾಸಣೆಗೆ ಜನ ಮುಗಿಬಿದ್ದರು. ಇಸಿಜಿ ಮಾಡಿಸಿ, ನಾರ್ಮಲ್ ಅಂತ ಕೇಳಿ, ಸಮಾಧಾನವಾಗಿ ಹೋದವರೇ ಜಾಸ್ತಿ. ಇಸಿಜಿಗೆ ಎಲ್‌ಡಿಎಲ್ ಗೊತ್ತಾಗುವುದಿಲ್ಲ.

ಹೃದಯಕ್ಕೆ ತೊಂದರೆ ಕೊಡುವ, ಲಿಪೊಪ್ರೋಟೀನ್ ಎ ಅನ್ನುವ ಇನ್ನೊಂದು ಕಣವೂ ವಂಶದಿಂದ ಬರುತ್ತದೆ. ಅದು ಪಥ್ಯಕ್ಕೆ ಹೆಚ್ಚುಕಮ್ಮಿ ಜಗ್ಗುವುದೇ ಇಲ್ಲ. ಸಾಮಾನ್ಯ ಲಿಪಿಡ್ ಪ್ರೊಫೈಲ್‌ನಲ್ಲಿ ಬರುವುದಿಲ್ಲ, ಬೇರೆಯಾಗಿ ಬರೆಸಬೇಕು. ಜೀವಮಾನದಲ್ಲಿ ಒಮ್ಮೆಯಾದರೂ ನೋಡಿಸಿ ಅಂತ 2024ರಲ್ಲಿ ಭಾರತದ ಹೃದ್ರೋಗ ತಜ್ಞರ ಸಂಘ ಹೇಳಿದೆ.

ಮಾತ್ರೆ ಅಂದರೆ ಜನಕ್ಕೆ ಹೆದರಿಕೆ. ಅಭ್ಯಾಸ ಆಗಿಬಿಡುತ್ತೆ, ಲಿವರ್ ಹೋಗುತ್ತೆ, ಬೆಳ್ಳುಳ್ಳಿ ತಿಂದರೆ ಸಾಕಲ್ವಾ ಅಂತೆಲ್ಲ. ಸ್ಟ್ಯಾಟಿನ್ ಲಿವರ್‌ನಲ್ಲಿ ಕೊಲೆಸ್ಟ್ರಾಲ್ ತಯಾರಿಕೆ ಕಮ್ಮಿ ಮಾಡುತ್ತದೆ. ಆಗ ಲಿವರ್ ತನ್ನ ಒಳ್ಳೆಯ ಜೀನ್‌ನಿಂದ ಇನ್ನಷ್ಟು ಕೊಕ್ಕೆ ಮಾಡಿಕೊಳ್ಳುತ್ತದೆ. ಹೆಚ್ಚಿನ ಡೋಸ್‌ನಲ್ಲಿ ಎಲ್‌ಡಿಎಲ್ ಅರ್ಧಕ್ಕೆ ಇಳಿಯಬಹುದು. ಸಾಲದಿದ್ದರೆ ಎಜೆಟಿಮೈಬ್ ಅನ್ನುವ ಇನ್ನೊಂದು ಮಾತ್ರೆ ಸೇರಿಸುತ್ತಾರೆ, ಆಮೇಲೆ ಇಂಜೆಕ್ಷನ್‌ಗಳಿವೆ, ಅವು ಮಾತ್ರ ದುಬಾರಿ. ಮಾತ್ರೆ ಬಿಟ್ಟ ಕೆಲವೇ ವಾರಗಳಲ್ಲಿ ನಂಬರ್ ಹಳೆಯ ಜಾಗಕ್ಕೇ ಬರುತ್ತದೆ. ರಿಪೋರ್ಟ್ ನಾರ್ಮಲ್ ಬಂತು ಅಂತ ನಿಲ್ಲಿಸಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಹಾಗಾದರೆ ಪಥ್ಯ ಬೇಡವೇ? ಬೇಕು. ನನ್ನ ಹೊಟ್ಟೆಪಾಡಿಗೆ ಹೇಳುತ್ತಿಲ್ಲ. ತುಪ್ಪ, ಕೊಬ್ಬರಿ ಎಣ್ಣೆ, ಪಾಮ್ ಎಣ್ಣೆ, ಬೇಕರಿ ತಿಂಡಿ ಕಮ್ಮಿ ಮಾಡಿ, ಹುರುಳಿ, ಕಾಳು, ಸೊಪ್ಪು ಜಾಸ್ತಿ ಮಾಡಿದರೆ ಮಾತ್ರೆಗೆ ಸಹಾಯ. ಎಣ್ಣೆ ಪ್ಯಾಕೆಟ್ ಮೇಲಿನ "ಕೊಲೆಸ್ಟ್ರಾಲ್ ಫ್ರೀ" ನೋಡಿ ಎರಡು ಸೌಟು ಜಾಸ್ತಿ ಹಾಕುವುದು ಬೇಡ. ಕಡಲೆಕಾಯಿ, ಸೂರ್ಯಕಾಂತಿ ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಯಾವತ್ತೂ ಇರಲಿಲ್ಲ. ಸಿಗರೇಟ್ ಮಾತ್ರ ಪೂರ್ತಿ ಬಿಡಬೇಕು, ಅದರಲ್ಲಿ ಚೌಕಾಸಿ ಇಲ್ಲ.

ಮಕ್ಕಳ ವಿಷಯದಲ್ಲಿ ತಂದೆತಾಯಿಗೆ ನಾನು ಒಂದೇ ಅಧ್ಯಯನದ ಕತೆ ಹೇಳುತ್ತೇನೆ. ನೆದರ್‌ಲ್ಯಾಂಡ್ಸ್‌ನಲ್ಲಿ ಎಫ್‌ಎಚ್ ಇದ್ದ 214 ಮಕ್ಕಳಿಗೆ ಚಿಕ್ಕಂದಿನಿಂದ ಸ್ಟ್ಯಾಟಿನ್ ಕೊಟ್ಟು 20 ವರ್ಷ ಗಮನಿಸಿದರು. 2019ರಲ್ಲಿ ಫಲಿತಾಂಶ ಬಂತು. 39ನೇ ವಯಸ್ಸಿಗೆ ಆ ಮಕ್ಕಳಲ್ಲಿ ಶೇ. 1ರಷ್ಟು ಜನಕ್ಕೆ ಹೃದಯ ಅಥವಾ ರಕ್ತನಾಳದ ತೊಂದರೆ ಆಗಿತ್ತು. ಅದೇ ವಯಸ್ಸಿನಲ್ಲಿ, ಅದೇ ಜೀನ್ ಇದ್ದ ಅವರ ಅಪ್ಪ-ಅಮ್ಮಂದಿರಲ್ಲಿ ಶೇ. 26ರಷ್ಟು ಜನಕ್ಕೆ ಆಗಿತ್ತು.

ಇಷ್ಟೆಲ್ಲ ಕೇಳಿದ ಮೇಲೂ ತಾಯಂದಿರು ಕೊನೆಗೆ ಕೇಳುವುದು ಶಾಲೆಯಲ್ಲಿ ಕೊಡುವ ಮೊಟ್ಟೆಯ ಬಗ್ಗೆ. ನಿಲ್ಲಿಸಿಬಿಡಲಾ ಮೇಡಂ? ತಿನ್ನಲಿ ಬಿಡಿ, ಬೆಳೆಯೋ ಮಗು. ಮೊದಲು ಅವನ ರಕ್ತ ಕೊಟ್ಟು ಬನ್ನಿ, ಇವತ್ತೇ, ಲ್ಯಾಬ್ ಸಂಜೆವರೆಗೂ ತೆರೆದಿರುತ್ತೆ. ಖಾಲಿ ಹೊಟ್ಟೆಯೇ ಆಗಬೇಕು ಅಂತೇನೂ ಇಲ್ಲ.