ಹೆಸರಿಲ್ಲದ ವಾಲ್ವ್ ಆಂಪ್ಲಿಫೈಯರ್: ಮೂರು ಭಾನುವಾರಗಳ ಕೆಲಸ

ಮೊದಲ ಭಾನುವಾರ

ಮಾವನ ಮೈಕ್ ಸೆಟ್ ಅಂಗಡಿಯ ಅಟ್ಟದಿಂದ ಈ ಹಳೆಯ ಆಂಪ್ಲಿಫೈಯರನ್ನು (ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್‌ಗಳಿಂದ ಸದ್ದು ಹೆಚ್ಚಿಸುವಂಥದ್ದು) ಇಳಿಸಲು ಇಬ್ಬರು ಬೇಕಾಯಿತು. ಭಾರವೆಲ್ಲ ಎರಡು ಟ್ರಾನ್ಸ್‌ಫಾರ್ಮರ್‌ಗಳದ್ದು. ಮುಂಭಾಗದಲ್ಲಿ ಹೆಸರಿನ ಫಲಕವಿದ್ದ ಕಡೆ ನಾಲ್ಕು ತೂತುಗಳಷ್ಟೇ ಉಳಿದಿವೆ. ಇದು ಮೂಲತಃ ಯಾವ ವಾಲ್ವ್‌ಗಳ, ಎಷ್ಟು ಶಕ್ತಿಯ ಸೆಟ್ಟು ಎಂದು ಪತ್ತೆ ಮಾಡಬೇಕಿತ್ತು.

“ಇದು 6ಎಲ್6 ಸೆಟ್ಟು ಕಣೋ, ಹುಡುಕುವುದೇನಿದೆ?” ಎಂದರು ಮಾವ. ದೊಡ್ಡ ಸಾಕೆಟ್‌ಗಳಲ್ಲಿ ಇದ್ದದ್ದು, ಸ್ಪೀಕರಿಗೆ ಶಕ್ತಿ ಕೊಡುವ 6ಎಲ್6 ವಾಲ್ವ್‌ಗಳ ಜೋಡಿಯೇ ನಿಜ. ಒಂಬತ್ತು ಪಿನ್ನಿನ ಚಿಕ್ಕ ಸಾಕೆಟ್‌ಗಳು ಮೂರು. ಒಂದರಲ್ಲಿ ಮಾತ್ರ ವಾಲ್ವ್ ಇತ್ತು: ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಮುದ್ರೆಯ ಇಸಿಸಿ83. 1954ರಲ್ಲಿ ಬೆಂಗಳೂರಿನಲ್ಲಿ ಶುರುವಾದ ನಮ್ಮದೇ ಕಾರ್ಖಾನೆಯ ವಾಲ್ವ್ ಅಂಗೈಯಲ್ಲಿ ಕೂತಾಗ ಬಹಳ ಖುಷಿಯಾಯಿತು. ಆದರೆ ವಾಲ್ವ್ ಸುಟ್ಟರೆ ಕೈಗೆ ಸಿಕ್ಕಿದ್ದನ್ನು ತಂದು ಹಾಕುವುದು ರಿಪೇರಿಯವರ ವಾಡಿಕೆ. ಅದರ ಮೇಲಿನ ಹೆಸರು ನಂಬಿ ಸೆಟ್ಟಿನ ಜಾತಕ ಬರೆಯುವಂತಿಲ್ಲ. ಕಾರ್ಖಾನೆಯಲ್ಲಿ ಹಾಕಿದ ಬೆಸುಗೆಯನ್ನೇ ಕೇಳಬೇಕು.

ಎರಡನೆಯ ಭಾನುವಾರ

ತಳದ ತಗಡು ಬಿಚ್ಚಿದೆ. ಎಷ್ಟೋ ವರ್ಷ ಕರೆಂಟ್ ಕಾಣದ ಸೆಟ್ಟಾದರೂ ಮೊದಲು ರೆಸಿಸ್ಟರ್ ಇಟ್ಟು ದೊಡ್ಡ ಕೆಪಾಸಿಟರ್‌ಗಳನ್ನು ಖಾಲಿ ಮಾಡಿದೆ. 400 ವೋಲ್ಟ್ ಓಡಾಡುವ ಜಾಗದಲ್ಲಿ ಈ ಅಭ್ಯಾಸ ತಪ್ಪಿಸಬಾರದು.

ದೊಡ್ಡ ಸಾಕೆಟ್‌ಗಳ ಮೇಲಿನ ಮಸಿಯನ್ನು ಬ್ರಷ್‌ನಿಂದ ತೆಗೆದಾಗ ಕಂಡದ್ದು ಬೆರಳಿನ ಅಗಲದಷ್ಟೇ ಉದ್ದದ ಒಂದು ತವರ ಲೇಪಿತ ತಂತಿ. ಒಂದನೆಯ ಪಿನ್ನಿನಿಂದ ಎಂಟನೆಯದಕ್ಕೆ ಹೋಗಿದೆ. ಎರಡೂ ಸಾಕೆಟ್‌ಗಳಲ್ಲಿ ಹಾಗೆಯೇ. ಬೆಸುಗೆ ಮಂಕಾಗಿದೆ, ಯಾರೂ ಮತ್ತೆ ಮುಟ್ಟಿಲ್ಲ. 6ಎಲ್6ಗೆ ಈ ತಂತಿ ಬೇಕಿಲ್ಲ. ಅದೇ ಕೆಲಸದ ಇನ್ನೊಂದು ವಾಲ್ವ್ ಇಎಲ್34ಗೆ ಬೇಕೇ ಬೇಕು: ಅದರ ಸಪ್ರೆಸರ್ ಗ್ರಿಡ್ (ಒಳಗಿನ ಒಂದು ಜಾಲರಿ) ಪ್ರತ್ಯೇಕವಾಗಿ ಒಂದನೆಯ ಪಿನ್ನಿಗೆ ಬರುತ್ತದೆ, ಅದನ್ನು ಎಂಟನೆಯ ಪಿನ್ನಿನ ಕ್ಯಾಥೋಡ್‌ಗೆ ಹೊರಗಿನಿಂದಲೇ ಜೋಡಿಸಬೇಕು.

ಚಿಕ್ಕ ಸಾಕೆಟ್‌ಗಳಲ್ಲಿ ಹೀಟರ್ (ವಾಲ್ವನ್ನು ಒಳಗಿನಿಂದ ಕಾಯಿಸುವ ಎಳೆ) ತಂತಿಯ ಜಾಡು ಹಿಡಿದೆ. ಎರಡರಲ್ಲಿ 4 ಮತ್ತು 5ನೆಯ ಪಿನ್ನುಗಳು ಸೇರಿಕೊಂಡಿವೆ, ಇನ್ನೊಂದು ತಂತಿ 9ಕ್ಕೆ. ಅವು ಇಸಿಸಿ83ರ ಬಗೆಯವು. ಮೂರನೆಯದರಲ್ಲಿ 4, 5 ಬೇರೆ ಬೇರೆ. 2 ಮತ್ತು 7 ಚಾಸಿಗೆ, ಮೈಕ್‌ನ ಕವಚವಿರುವ ತಂತಿಯ ಒಳ ಎಳೆ ನೇರ 9ಕ್ಕೆ. ಅದು ಇಎಫ್86, ಮೈಕ್‌ನ ಸಣ್ಣ ಸದ್ದನ್ನು ಮೊದಲು ದೊಡ್ಡದು ಮಾಡುವ ವಾಲ್ವ್. ಇಎಫ್86, ಇಸಿಸಿ83, ಒಂದು ಜೋಡಿ ಇಎಲ್34 ಎಂದ ತಕ್ಷಣ ನೆನಪಾಗುವುದು 1950ರ ದಶಕದ, ಬ್ರಿಟನ್ನಿನ ವಾಲ್ವ್ ಕಂಪನಿ ಮುಲ್ಲಾರ್ಡ್‌ನ 5-20 ನಕ್ಷೆ, ಅಂದರೆ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ವಾಲ್ವ್) ಸೇರಿ ಐದು ವಾಲ್ವ್, 20 ವ್ಯಾಟ್. ನಮ್ಮದು ಅದೇ ಮನೆತನದ್ದು, ಒಂದು ಇಸಿಸಿ83 ಹೆಚ್ಚು.

ಮೂರನೆಯ ಭಾನುವಾರ

ಶಕ್ತಿ ಎಷ್ಟು? ಹಿಂಬದಿಯಲ್ಲಿ ಸ್ಪೀಕರಿಗೆ ಐದು ಸ್ಕ್ರೂಗಳಿವೆ, ಅಂಕಿಗಳು ಅಳಿಸಿವೆ. ಒದ್ದೆ ಬಟ್ಟೆಯಿಂದ ಮೆಲ್ಲಗೆ ಉಜ್ಜಿದಾಗ ನಾಲ್ಕನೆಯದರ ಪಕ್ಕ ‘16’ ಮೂಡಿತು, ಅಂದರೆ 16 ಓಮ್ ಸ್ಪೀಕರಿಗೆ. ವಾಲ್ವ್‌ಗಳನ್ನೆಲ್ಲ ತೆಗೆದಿಟ್ಟು, ಬೇರೊಂದು ಚಿಕ್ಕ ಟ್ರಾನ್ಸ್‌ಫಾರ್ಮರಿನಿಂದ ಮೊದಲ ಸ್ಕ್ರೂ ಮತ್ತು ಇದರ ನಡುವೆ 6.3 ವೋಲ್ಟ್ ಎಸಿ ಕೊಟ್ಟೆ. ಎರಡನೆಯ ಸ್ಕ್ರೂನಲ್ಲಿ 3.15, ಮೂರನೆಯದರಲ್ಲಿ 4.45; ವೋಲ್ಟ್ ಅರ್ಧವಾದರೆ ಓಮ್ ಕಾಲುಭಾಗ, ಅಂದರೆ 4 ಮತ್ತು 8 ಓಮ್. ಐದನೆಯದರಲ್ಲಿ 26.6. ಅದು ದೂರದ ಹಾರ್ನ್‌ಗಳಿಗೆ ಬಳಸುವ 100 ವೋಲ್ಟ್ ಲೈನ್ ಆಗಿದ್ದರೆ, ಅಲ್ಲಿ 100 ಇರುವಾಗ 16 ಓಮ್‌ನಲ್ಲಿ 23.7 ವೋಲ್ಟ್ ಇರಬೇಕು. ವರ್ಗ ಮಾಡಿ 16ರಿಂದ ಭಾಗಿಸಿದೆ: 35 ವ್ಯಾಟ್!

ಎರಡು ದೊಡ್ಡ ಸಾಕೆಟ್‌ಗಳ ಪ್ಲೇಟ್ ಪಿನ್ನುಗಳ (ವಾಲ್ವ್‌ನಿಂದ ಟ್ರಾನ್ಸ್‌ಫಾರ್ಮರಿಗೆ ಹೋಗುವ ತುದಿಗಳು) ನಡುವೆ 92 ವೋಲ್ಟ್ ಬಂತು. ಅನುಪಾತ 14.6, ಅದರ ವರ್ಗವನ್ನು 16ರಿಂದ ಗುಣಿಸಿದರೆ ಸುಮಾರು 3,400 ಓಮ್. 35 ವ್ಯಾಟ್ ಕೊಡುವ ಇಎಲ್34 ಜೋಡಿ ಕೇಳುವುದೂ ಹೆಚ್ಚುಕಡಿಮೆ ಅಷ್ಟನ್ನೇ. ಲೆಕ್ಕ ಬರೆದ ಹಾಳೆಯನ್ನು ಮಾವನ ಕೈಗೆ ಕೊಟ್ಟೆ. ಅವರು ಆ ಪುಟ್ಟ ತಂತಿಯನ್ನು ಟಾರ್ಚ್ ಹಿಡಿದು ಬಹಳ ಹೊತ್ತು ನೋಡಿದರು. “ಇಷ್ಟು ವರ್ಷ ಬೇರೆಯವರ ಅಂಗಿ ತೊಡಿಸಿದ್ದೆವಲ್ಲ” ಎಂದರು.

ಮುಂದಿನ ವಾರ ಹಳೆಯ ಕೆಪಾಸಿಟರ್‌ಗಳನ್ನು ಬದಲಿಸಿ, 60 ವ್ಯಾಟಿನ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ ಕರೆಂಟ್ ಕೊಡುತ್ತೇನೆ. ಇಎಲ್34 ಒಂದು ಜೋಡಿಗೆ ಹೇಳಿಯಾಗಿದೆ.