ಲೆಕ್ಕ ಬಂತು, ಔಷಧಿ ಎಲ್ಲಿದೆ?

ಬಿ.ಫಾರ್ಮ ಎರಡನೇ ವರ್ಷದಲ್ಲಿ ನಮಗೆ ಫಿಸಿಕಲ್ ಫಾರ್ಮಸ್ಯೂಟಿಕ್ಸ್ ಕಲಿಸಿದ ಸರ್, ಬೋರ್ಡಿನ ಮೇಲೆ ಲೆಕ್ಕ ಮುಗಿದ ಮೇಲೂ ನಮ್ಮನ್ನು ಕೂರಲು ಬಿಡುತ್ತಿರಲಿಲ್ಲ. "ಉತ್ತರ ಬಂತಲ್ಲ, ಈಗ ಔಷಧಿ ಎಲ್ಲಿದೆ ಹೇಳಿ" ಎನ್ನುತ್ತಿದ್ದರು. ಲಾಗ್ ಟೇಬಲ್ ನೋಡಿ ಉತ್ತರ ತೆಗೆದಿದ್ದೇ ದೊಡ್ಡದು ಅಂದುಕೊಂಡವರಿಗೆ ಇದೆಂಥ ಕಾಟ!

ಹೆಂಡರ್ಸನ್-ಹ್ಯಾಸೆಲ್‌ಬಾಲ್ಕ್ ಸಮೀಕರಣ ನಮಗೆ ಬರೀ ಪರೀಕ್ಷೆಯ ಪ್ರಶ್ನೆ. ಔಷಧಿಯ ಎಷ್ಟು ಭಾಗ ಅಯಾನು, ಅಂದರೆ ವಿದ್ಯುದಂಶವಿರುವ ಕಣ, ಆಗಿದೆ ಅಂತ ಹೇಳುವ ಸೂತ್ರ ಅದು. ಹೆಸರು ತಪ್ಪಿಲ್ಲದೆ ಬರೆಯೋದೇ ಒಂದು ಸಾಹಸ. ಅವರಿಬ್ಬರೂ ತಲೆ ಕೆಡಿಸಿಕೊಂಡಿದ್ದು ರಕ್ತದ ಕಾರ್ಬಾನಿಕ್ ಆಮ್ಲದ ಬಗ್ಗೆ, ಮಾತ್ರೆಗಳ ಬಗ್ಗೆ ಅಲ್ಲ ಅಂತ ಸರ್ ಹೇಳಿದ್ದರು. ಆದರೆ ಬಹುಪಾಲು ಔಷಧಿಗಳು ದುರ್ಬಲ ಆಮ್ಲ ಅಥವಾ ದುರ್ಬಲ ಪ್ರತ್ಯಾಮ್ಲ. ಅದಕ್ಕೇ ಈ ಸೂತ್ರ ನಮ್ಮ ತಲೆಗೂ ಬಂತು. ಪಿಎಚ್ ಅಂದರೆ ಆಮ್ಲತೆಯ ಅಳತೆ, ಕಡಿಮೆ ಇದ್ದಷ್ಟೂ ಆಮ್ಲ ಹೆಚ್ಚು; ಪಿಕೆಎ ಆಯಾ ಔಷಧಿಗೇ ಸೇರಿದ ಅಂಕಿ. ಇವೆರಡೂ ಒಂದೇ ಆದಾಗ ಅರ್ಧ ಔಷಧಿ ಅಯಾನಾಗಿರುತ್ತದೆ. ಪಿಎಚ್ ಒಂದು ಅಂಕಿ ಸರಿದರೆ ಅಯಾನಾದದ್ದರ ಮತ್ತು ಆಗದ್ದರ ಅನುಪಾತ ಹತ್ತು ಪಟ್ಟು ಬದಲಾಗುತ್ತದೆ. ಆಮ್ಲ ಹೆಚ್ಚಿದ್ದಲ್ಲಿ ಆಮ್ಲದ ಔಷಧಿ ಅಯಾನಾಗದೆ ಉಳಿಯುತ್ತದೆ, ಪ್ರತ್ಯಾಮ್ಲ ಅಯಾನಾಗುತ್ತದೆ. ವಿದ್ಯುದಂಶ ಇಲ್ಲದ ಕಣ ಜೀವಕೋಶದ ಕೊಬ್ಬಿನ ಪೊರೆ ದಾಟುತ್ತದೆ. ಅಯಾನಿಗೆ ಅದು ಕಷ್ಟ.

ಆಸ್ಪಿರಿನ್ ಪಿಕೆಎ 3.5. ಹೊಟ್ಟೆಯ ಪಿಎಚ್ 1.5 ಅಂದುಕೊಂಡರೆ, ಒಂದು ಅಯಾನಿಗೆ ನೂರು ಅಣು ಅಯಾನಾಗದೆ ಉಳಿಯುತ್ತವೆ. ಹಾಗಾಗಿ ಹೀರಿಕೆ ಹೊಟ್ಟೆಯಲ್ಲೇ ಅಂತ ಗೈಡ್‌ನಲ್ಲಿತ್ತು, ನಾವೂ ಬರೆದೆವು. ಸರ್ ಒಪ್ಪಲಿಲ್ಲ. ಆಮ್ಲ ಕಡಿಮೆ ಇರುವ ಸಣ್ಣಕರುಳಿನಲ್ಲಿ ಹೆಚ್ಚಿನದು ಅಯಾನೇ, ನಿಜ. ಆದರೆ ಅಲ್ಲಿನ ಮೇಲ್ಮೈ ಎಷ್ಟು ಜಾಸ್ತಿ! ಅಯಾನಾಗದೆ ಉಳಿದ ಚೂರು ಒಳಗೆ ಹೋದಂತೆ ಅದರ ಜಾಗಕ್ಕೆ ಅಯಾನುಗಳಿಂದ ಹೊಸ ಅಣು ಬರುತ್ತಲೇ ಇರುತ್ತದೆ. ಹಾಗಾಗಿ ಹೆಚ್ಚು ಹೀರಿಕೆ ಕರುಳಲ್ಲೇ. ಔಷಧಿ ಯಾವ ರೂಪದಲ್ಲಿದೆ ಅಂತ ಸೂತ್ರ ಹೇಳುತ್ತದೆ, ಜಾಗದ ಅಳತೆ ಹೇಳಲ್ಲ, ಅಲ್ವಾ?

ನನಗೆ ತುಂಬ ಇಷ್ಟವಾದದ್ದು ಜಾಗ ಮರಗಟ್ಟಿಸುವ ಔಷಧಿ ಲಿಗ್ನೋಕೇನ್‌ನ ಪಾಠ. ಒಸಡಿನಲ್ಲಿ ಕೀವಾದಾಗ ಹಲ್ಲು ಕೀಳಲು ಕೊಟ್ಟ ಇಂಜೆಕ್ಷನ್ ಯಾಕೆ ಸರಿಯಾಗಿ ಹಿಡಿಯಲ್ಲ? ಇದು ಪ್ರತ್ಯಾಮ್ಲ, ಪಿಕೆಎ ಸುಮಾರು 7.9. ಪಿಎಚ್ 7.4 ಇರುವ ಆರೋಗ್ಯವಂತ ಒಸಡಿನಲ್ಲಿ ಶೇ. 24ರಷ್ಟು ಅಯಾನಾಗದೆ ಇರುತ್ತದೆ. ಕೀವಾದ ಕಡೆ ಆಮ್ಲ ಹೆಚ್ಚು. ಅಲ್ಲಿ ಪಿಎಚ್ 6.4ಕ್ಕೆ ಇಳಿದರೆ ಅದು ಶೇ. 3 ಮಾತ್ರ. ನರದ ಪೊರೆ ದಾಟುವುದು ಆ ಭಾಗವೇ. ತಮಾಷೆ ಅಂದರೆ, ಒಳಗೆ ಹೋದ ಮೇಲೆ ನೋವಿನ ಸಂದೇಶ ಸಾಗಲು ಬೇಕಾದ ಸೋಡಿಯಂ ದಾರಿಯನ್ನು ಮುಚ್ಚುವ ಮುಖ್ಯ ಕೆಲಸ ಅಯಾನಿನದು! ಹೊರಗೆ ಬೇಡವಾದದ್ದೇ ಒಳಗೆ ಬೇಕು. ಕೀವಿರುವಲ್ಲಿ ರಕ್ತ ಹರಿವು ಹೆಚ್ಚು, ನೋವಿನ ನರಗಳೂ ಕೆರಳಿರುತ್ತವೆ, ಎಲ್ಲ ತಪ್ಪನ್ನೂ ಪಿಎಚ್ ಮೇಲೆ ಹಾಕಬೇಡಿ ಅಂತಲೂ ಸೇರಿಸಿದ್ದರು.

ಈಗ ಆಸ್ಪತ್ರೆಯ ಫಾರ್ಮಸಿಯಲ್ಲಿದ್ದೇನೆ. ಆಸ್ಪಿರಿನ್ ಅತಿಯಾಗಿ ನುಂಗಿದವರಿಗೆ ಸೋಡಿಯಂ ಬೈಕಾರ್ಬನೇಟ್ ಡ್ರಿಪ್ ಬರೆದಿದ್ದರೆ ತರಬೇತಿಗೆ ಬಂದ ಹುಡುಗರಿಗೆ ಕಾರಣ ಕೇಳುತ್ತೇನೆ. ಆ ಡ್ರಿಪ್‌ನಿಂದ ಮೂತ್ರದ ಪಿಎಚ್ 7.5 ದಾಟಿದರೆ, ಆಸ್ಪಿರಿನ್ನಿಂದ ದೇಹದಲ್ಲಾಗುವ ಸ್ಯಾಲಿಸಿಲಿಕ್ ಆಮ್ಲ ಅಯಾನಾಗಿ ಅಲ್ಲೇ ಸಿಕ್ಕಿಬೀಳುತ್ತದೆ, ಕಿಡ್ನಿಯಿಂದ ರಕ್ತಕ್ಕೆ ವಾಪಸು ಹೋಗಲ್ಲ. ಜಾಣರು ತಕ್ಷಣ ಕೇಳುತ್ತಾರೆ: ಹಾಗಾದರೆ ಪ್ರತ್ಯಾಮ್ಲವಾದ ಉತ್ತೇಜಕ ಔಷಧಿ ಆಂಫೆಟಮಿನ್‌ಗೆ ಮೂತ್ರವನ್ನು ಆಮ್ಲ ಮಾಡಬಹುದಲ್ವಾ? ಹಿಂದೆ ಅಮೋನಿಯಂ ಕ್ಲೋರೈಡ್ ಕೊಟ್ಟು ಹಾಗೆ ಮಾಡುತ್ತಿದ್ದರು. ಲೆಕ್ಕ ಸರಿಯೇ ಇತ್ತು. ಆದರೆ ರಕ್ತದಲ್ಲೂ ಆಮ್ಲ ಏರಿ, ಕಿಡ್ನಿಗೆ ಪೆಟ್ಟು ಬೀಳುವ ಅಪಾಯ ಇದ್ದುದರಿಂದ ಬಿಟ್ಟುಬಿಟ್ಟರು.